ಡೊರೀನ್ ಒಪ್ಪದ ಮುಕ್ತಾಯ

೧

ಎಲ್ಲಿಂದ ಶುರು ಮಾಡಲಿ? ಇಂಜಿನ್ನಿನಿಂದ ಶುರು ಮಾಡಿದರೆ ನೀವು ಪುಟ ತಿರುವಿಬಿಡುತ್ತೀರಿ. ಹುಡುಗಿಯಿಂದ ಶುರು ಮಾಡಿದರೆ ನಾನೇ ಅಳುತ್ತಾ ಕೂರುತ್ತೇನೆ, ಕಥೆ ಮುಂದೆ ಸಾಗುವುದಿಲ್ಲ. ಮೊದಲನೇ ಡ್ರಾಫ್ಟು "ಹಿಮ ಬೀಳುತ್ತಿತ್ತು" ಎಂದು ಶುರುವಾಗಿತ್ತು. ಮಿಷಿಗನ್ನಿನ ಈ ಮೇಲ್ತುದಿಯಲ್ಲಿ ಕೂತು ಹಾಗೆ ಬರೆಯುವುದೆಂದರೆ ಮೀನಿನ ಕಥೆಯನ್ನು "ನೀರಿತ್ತು" ಎಂದು ಶುರು ಮಾಡಿದ ಹಾಗೆ. ಹರಿದು ಹಾಕಿದೆ.

ಸರಿ, ಡೊರೀನಳಿಂದ ಶುರು ಮಾಡುತ್ತೇನೆ. ಡೊರೀನ್ ಸಾಲ್ಮೆಲಾ ನನ್ನ ಪಕ್ಕದ ಮನೆಯವಳು. ಬದುಕಿಡೀ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಆ ಮನೆಯಲ್ಲಿ ರಿಪೇರಿ ಅವಳದು, ಅಡುಗೆ ಗಂಡ ಅರ್ವಿಡ್‌ನದು. ಮಕ್ಕಳಿಲ್ಲ. (ಇಲ್ಲಿ ಒಂದು ಪ್ಯಾರಾ ಹಿನ್ನೆಲೆ ಬರೆದಿದ್ದೆ. "ಅದು ನಿನಗೆ ಸಂಬಂಧ ಇಲ್ಲ" ಎಂದಳು. ತೆಗೆದೆ.) ಮನೆಯಲ್ಲಿ ತೊಂದರೆಯಿರುವ ಮಕ್ಕಳನ್ನು ಸರ್ಕಾರ ಇಂಥವರ ಹತ್ತಿರ ಬಿಡುತ್ತದೆ. ಸಾಕುವುದು ಇವರ ಕೆಲಸ, ಕೇಳಿದಾಗ ವಾಪಸ್ ಕೊಡಬೇಕಾದ್ದೂ ಇವರ ಕೆಲಸ.

ಹಾಗೆ ಒಂದು ಶರತ್ಕಾಲದಲ್ಲಿ ಬಂದವಳು ಏಳು ವರ್ಷದ ಶೆಲ್ಬಿ. ಅವಳ ಅಮ್ಮ ಟೋನ್ಯಾ ಮಾತ್ರೆಗಳ ಚಟ ಬಿಡಿಸಿಕೊಳ್ಳಲು ಎಸ್ಕನಾಬಾ ಎಂಬ ಊರಿನ ಒಂದು ಕೇಂದ್ರ ಸೇರಿದ್ದಳು.

೨

ಈಗ ಇಂಜಿನ್.

ಯಾರದೋ ಹಳೇ ಕೊಟ್ಟಿಗೆ ಖಾಲಿ ಮಾಡುವ ಮಾರಾಟಕ್ಕೆ ಹೋದಾಗ ಶೆಲ್ಬಿ ಹಿಮದ ಮೇಲೆ ಓಡುವ ಒಂದು ಪುಟ್ಟ ಸ್ನೋಮೊಬೈಲ್ ಮೇಲೆ ಹತ್ತಿ ಕೂತವಳು ಇಳಿಯಲೇ ಇಲ್ಲ. ಎಪ್ಪತ್ತರ ದಶಕದ ಮಕ್ಕಳ ಸ್ಲೆಡ್ಡು; ಮುಂದೆ ಎರಡು ಜಾರುಪಟ್ಟಿ, ಕೆಳಗೆ ರಬ್ಬರ್ ಪಟ್ಟಾ, ಬಿರುಕು ಬಿಟ್ಟ ಕಪ್ಪು ಸೀಟು. ಬಾಯಲ್ಲೇ "ಬ್ರ್ರ್ರ್" ಎನ್ನುತ್ತಾ ಕೂತಿದ್ದಳಂತೆ. ಡೊರೀನ್ ಸ್ಟಾರ್ಟರ್ ಹಗ್ಗ ಎಳೆದು ನೋಡಿದಳು. ಕದಲಲಿಲ್ಲ.

"ಇದು ಸತ್ತೋಗಿದ್ಯಾ?"

"ಸತ್ತಿಲ್ಲ ಕಣೇ. ಹಟ ಹಿಡ್ಕೊಂಡು ಕೂತಿದೆ."

"ನನ್ ಥರಾನಾ?"

"ನಿನ್ನಷ್ಟಿಲ್ಲ ಬಿಡು."

ಅದನ್ನು ಕೊಂಡು ತಂದು, ಅಡುಗೆಮನೆಯ ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಇಂಜಿನ್ ಬಿಚ್ಚಿ ಇಟ್ಟರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಎಣ್ಣೆ ಬಿಟ್ಟು ಕಾದರು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಶೆಲ್ಬಿಯ ಮೊದಲ ಮಾತು ಒಂದೇ: "ಬಿಡ್ತಾ?" ಒಂದು ದಿನ ಡೊರೀನ್ ಮರದ ತುಂಡು ಇಟ್ಟು ಮೆಲ್ಲಗೆ ಬಡಿದಾಗ ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ಶೆಲ್ಬಿ ಮನೆಯೆಲ್ಲ ಕುಣಿದಳಂತೆ.

(ಟೂ-ಸ್ಟ್ರೋಕ್ ಇಂಜಿನ್ ಬಗ್ಗೆ ಇಲ್ಲಿ ಅರ್ಧ ಪುಟ ಬರೆದಿದ್ದೆ. ಕನ್ನಡದಲ್ಲಿ ಬರೆದದ್ದನ್ನು ಡೊರೀನ್‌ಗೆ ಅವಳ ಭಾಷೆಯಲ್ಲಿ ಓದಿ ಹೇಳುವುದು ನನ್ನ ಕೆಟ್ಟ ಅಭ್ಯಾಸ. "ಯಾರೇ ಓದ್ತಾರೆ ಇದನ್ನ?" ಎಂದು ನಕ್ಕಳು. ನಿಮಗೆ ಇಷ್ಟು ಗೊತ್ತಿದ್ದರೆ ಸಾಕು: ಈ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಹಿಂದೆ ಯಾರೋ ಮರೆತಿದ್ದರು. ಒಳಗೆಲ್ಲ ಒಣಗಿ ಹಿಡಿದುಕೊಂಡಿತ್ತು.)

ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ನಿನ ರಿಂಗ್ ಮುರಿದಿತ್ತು. ಒಳಗೋಡೆಗೆ ತುಕ್ಕು. ಅರ್ವಿಡ್ ಮಫಿನ್ ಮಾಡುವ ತಟ್ಟೆಯ ಗುಳಿಗಳಲ್ಲಿ ಬೋಲ್ಟುಗಳು ವಿಂಗಡವಾಗಿ ಕೂತವು. ಹೊಸ ರಿಂಗ್ ಎಲ್ಲಿಂದಲೋ ಬರಬೇಕಿತ್ತು, ಕಾಯುತ್ತಿದ್ದರು.

೩

ರಿಂಗ್ ಬರುವ ಮುಂಚೆ ಕೋರ್ಟಿನ ಆದೇಶ ಬಂತು. ಟೋನ್ಯಾ ಹುಷಾರಾಗಿದ್ದಾಳೆ, ಮಗಳು ಅಮ್ಮನ ಹತ್ತಿರ ಹೋಗಬಹುದು.

ಒಳ್ಳೆಯ ಸುದ್ದಿ. ಎಲ್ಲರೂ ಹಾಗೆಂದರು. ಡೊರೀನ್ ಎಲ್ಲರಿಗಿಂತ ಜೋರಾಗಿ ಅಂದಳು.

ಕರೆದೊಯ್ಯುವವರ ಕಾರು ಹೊರಗೆ ನಿಂತಿತ್ತು. ಕೋಟು ಹಾಕಿಸಿಕೊಂಡು ನಿಂತ ಶೆಲ್ಬಿ ಮೇಜಿನ ಕಡೆ ನೋಡಿದಳು.

"ಇದು?"

"ನಾನು ಮಾಡಿ ಇಟ್ಟಿರ್ತೀನಿ."

"ನಾನಿಲ್ದೆ ಮಾಡ್ಬೇಡ."

"ಶೆಲ್ಬಿ..."

"ನಾನಿಲ್ದೆ ಮುಟ್ಬೇಡ ಅಂದ್ನಲ್ಲ!"

ಮುಟ್ಟಲಿಲ್ಲ. ಕೆಲವು ದಿನದ ಮೇಲೆ ರಿಂಗ್ ಬಂತು. ಪೊಟ್ಟಣವನ್ನು ಒಡೆಯಲೂ ಇಲ್ಲ. ಹಿಮ ಕರಗಿತು, ಸೊಳ್ಳೆ ಬಂದವು, ಬ್ಲೂಬೆರಿ ಬಂತು. ಇಂಜಿನ್ ಮಾತ್ರ ಮೇಜಿನ ಒಂದು ತುದಿಯಲ್ಲಿ ಬಿಚ್ಚಿಕೊಂಡೇ ಕೂತಿತ್ತು. ಗಂಡ-ಹೆಂಡತಿ ಇನ್ನೊಂದು ತುದಿಯಲ್ಲಿ ಊಟ ಮಾಡಿದರು.

೪

ಆ ಬೇಸಿಗೆಯಲ್ಲೇ ನಾನು ಈ ಕಥೆಗೆ ಕೈ ಹಾಕಿದ್ದು. ನಡೆಯುತ್ತಿರುವುದಕ್ಕೆ ಮುಕ್ತಾಯ ಇಲ್ಲದಿದ್ದರೆ ಏನಂತೆ, ನಾನು ಲೇಖಕಿಯಲ್ಲವೇ?

ಮುಕ್ತಾಯ ಅ: ಟೋನ್ಯಾ ಮತ್ತೆ ಚಟಕ್ಕೆ ಜಾರಿಬೀಳುತ್ತಾಳೆ. ಚಳಿಗಾಲ ಬರುವ ಹೊತ್ತಿಗೆ ಶೆಲ್ಬಿ ವಾಪಸ್ ಬರುತ್ತಾಳೆ. ಇಬ್ಬರೂ ಕೂತು ಇಂಜಿನ್ ಜೋಡಿಸುತ್ತಾರೆ. ಹಗ್ಗ ಎಳೆದರೆ ಸ್ಟಾರ್ಟ್. ಬರೆಯುವಾಗ ನನ್ನ ಕಣ್ಣಲ್ಲೇ ನೀರು.

ಓದಿ ಹೇಳಿದೆ. ಡೊರೀನ್ ಕಾಫಿ ಕಪ್ಪನ್ನು ಕೆಳಗಿಟ್ಟಳು.

"ಅಂದ್ರೆ ಆ ಟೋನ್ಯಾ ಮತ್ತೆ ಮಾತ್ರೆ ನುಂಗ್ಬೇಕು. ಆಗ ನನಗೆ ಮಗು ಸಿಗತ್ತೆ. ಅಷ್ಟೇ ತಾನೆ?"

"ಕಥೆ ಡೊರೀನ್, ಸುಮ್ನೆ..."

"ಆ ಆಸೆ ನನಗೆ ಬರಲ್ಲ ಅನ್ಕೊಂಡ್ಯಾ? ದಿನಾ ಬರತ್ತೆ. ಫೋನ್ ಹೊಡ್ಕೊಂಡಾಗೆಲ್ಲ ಬರತ್ತೆ. ಬಂದಾಗೆಲ್ಲ ಬಾಗ್ಲು ಹಾಕ್ತೀನಿ. ನೀನದನ್ನ ಒಳಗೆ ಕರ್ದು ಕೂರ್ಸಿ ಅಚ್ಚು ಹಾಕಿಸ್ತೀಯಲ್ಲ!"

ಅಳಿಸಿದೆ. (ಆದರೆ ನೀವು ಓದಿಬಿಟ್ಟಿರಿ. ಇಂಥ ಕಥೆಗಳ ಕರ್ಮ ಇದು: ಅಳಿಸಿದ್ದೇ ಹೆಚ್ಚು ಕಾಣುತ್ತದೆ.)

ಮುಕ್ತಾಯ ಆ: ಡೊರೀನ್ ಸ್ಲೆಡ್ಡನ್ನು ಯಾರಿಗೋ ಮಾರಿ ನಿಟ್ಟುಸಿರು ಬಿಡುತ್ತಾಳೆ. ಇದಕ್ಕೆ ಅರ್ವಿಡ್ ನಕ್ಕುಬಿಟ್ಟ. "ಮಾರೋದಾ? ಇವಳಾ? ನನ್ನ ಮಫಿನ್ ತಟ್ಟೆನೇ ಇನ್ನೂ ವಾಪಸ್ ಕೊಟ್ಟಿಲ್ಲ."

ಬರೆಯುವುದನ್ನು ಬಿಟ್ಟೆ.

೫

ಆಮೇಲೆ ನಡೆದದ್ದು ನನಗೆ ಹೊಳೆದಿರಲಿಲ್ಲ. ಮತ್ತೆ ಹಿಮ ಕೂತ ಮೇಲೆ ಟೋನ್ಯಾಳ ಫೋನ್ ಬಂತು.

"ನೀವು ಡೊರೀನಾ? ನಾನು... ಶೆಲ್ಬಿ ಅಮ್ಮ. ಅವಳು ಸ್ಕೂಲಲ್ಲಿ ಎಲ್ರಿಗೂ ಹೇಳ್ತಾಳೆ, ಒಂದು ಇಂಜಿನ್ ಬಿಚ್ಚಿಟ್ಟು ಬಂದಿದೀನಿ ಅಂತ. ಯಾರೂ ನಂಬಲ್ವಂತೆ. ಒಂದಿನ ಕರ್ಕೊಂಡ್ ಬರ್ಲಾ?" ಮತ್ತೆ ಅವಳೇ, "ನಾನೂ ಜೊತೇಲಿ ಇರ್ತೀನಿ" ಎಂದಳು.

"ಇರ್ಲೇಬೇಕು," ಎಂದಳು ಡೊರೀನ್. ಫೋನ್ ಇಟ್ಟು ಬಹಳ ಹೊತ್ತು ಸಿಂಕಿನ ಮುಂದೆ ತನಗೆ ಬೆನ್ನು ಮಾಡಿ ನಿಂತಿದ್ದಳು ಎಂದು ಅರ್ವಿಡ್ ಹೇಳಿದ.

ಶನಿವಾರ ಬಂದರು. ಶೆಲ್ಬಿ ಉದ್ದವಾಗಿದ್ದಳು, ಮುಂದಿನ ಹಲ್ಲು ಬಂದಿತ್ತು. ಮೊದಲು ಅಮ್ಮನ ಹಿಂದೆ ನಿಂತಳು. ಅರ್ವಿಡ್ ಒಲೆಯಿಂದ ತೆಗೆದ ಬಿಸಿ ಪನ್ನುಕಾಕ್ಕು ಎಂಬ ಮೊಟ್ಟೆ-ಹಾಲಿನ ದಪ್ಪ ದೋಸೆ ತಿಂದಳು. ಆಮೇಲೆ ಮೇಜಿನ ಹತ್ತಿರ ಹೋಗಿ, "ನೀನು ಮುಟ್ಟಿಲ್ಲ!" ಎಂದಳು.

"ಮುಟ್ಬೇಡ ಅಂದಿದ್ಯಲ್ಲ."

ತುಕ್ಕು ಉಜ್ಜಿದರು. ಕಾರ್ಬ್ಯುರೇಟರಿನ ತೂತುಗಳಲ್ಲಿ ಗಟ್ಟಿಯಾಗಿದ್ದ ಹಳೇ ಪೆಟ್ರೋಲನ್ನು ತೆಳು ತಂತಿಯಿಂದ ಕೆದಕಿದರು. ಪಿಸ್ಟನ್ನಿಗೆ ಹೊಸ ರಿಂಗ್ ತೊಡಿಸಿದರು. ಕೊನೆಗೆ ಅದರ ಮೇಲೆ ಸಿಲಿಂಡರ್ ಕೂರಿಸಬೇಕು. ಒಬ್ಬರು ರಿಂಗನ್ನು ಬೆರಳಲ್ಲಿ ಅದುಮಿ ಹಿಡಿಯಬೇಕು, ಇನ್ನೊಬ್ಬರು ಮೇಲಿಂದ ಸಿಲಿಂಡರ್ ಇಳಿಸಬೇಕು. ಶೆಲ್ಬಿಯ ಪುಟ್ಟ ಬೆರಳುಗಳು ರಿಂಗನ್ನು ಹಿಡಿದವು. ಸಿಲಿಂಡರ್ ಡೊರೀನಳ ಕೈಯಲ್ಲಿತ್ತು.

ಟೋನ್ಯಾ ಇನ್ನೂ ಬಾಗಿಲ ಹತ್ತಿರ, ಕೋಟು ಸಹ ತೆಗೆಯದೆ ನಿಂತಿದ್ದಳು.

"ಬಾರಮ್ಮ ಇಲ್ಲಿ. ಇದನ್ನ ಹಿಡ್ಕೋ," ಎಂದಳು ಡೊರೀನ್.

"ನನಗೆ ಬರಲ್ಲ. ಹಾಳ್ ಮಾಡ್ಬಿಡ್ತೀನಿ."

"ನಿಧಾನಕ್ಕೆ ಇಳ್ಸು. ನಿನ್ನ ಮಗಳು ಹೇಳ್ಕೊಡ್ತಾಳೆ."

"ಮಮ್ಮಾ, ಅಲ್ಲಾಡಿಸ್ಬೇಡ. ಹೂಂ. ಈಗ ಬಿಡು. ಬಿಡು ಅಂದ್ರೆ!"

ಕೂತಿತು. ಅಮ್ಮ-ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಡೊರೀನಳ ಕೈಗೆ ಕೆಲಸ ಇರಲಿಲ್ಲ. ಚಿಂದಿಬಟ್ಟೆ ತಗೊಂಡು ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದಳು. (ನಾನು ಅಲ್ಲೇ ಕೂತಿದ್ದೆ. ಅವಳೇನು ಅಂದುಕೊಂಡಳು ಎಂದು ಬರೆಯುವ ಹಕ್ಕು ಲೇಖಕಿಗೆ ಇದೆಯಂತೆ. ಪಕ್ಕದ ಮನೆಯವಳಿಗೆ ಇಲ್ಲ.)

ಇಂಜಿನ್ನನ್ನು ಸ್ಲೆಡ್ಡಿಗೆ ಕೂರಿಸಿ, ಹೊರಗೆ ಎಲ್ಲರೂ ಸರದಿಯ ಮೇಲೆ ಹಗ್ಗ ಎಳೆದರು. ನಾನೂ ಎಳೆದೆ. ಟೋನ್ಯಾ ಎಳೆದಾಗ ಒಮ್ಮೆ ಕೆಮ್ಮಿತು. ಮತ್ತೆ ಎಳೆದಳು. ನೀಲಿ ಹೊಗೆ ಕಕ್ಕಿ, ಸದ್ದು ಅಂಗಳವೆಲ್ಲ ತುಂಬುವಂತೆ ಸ್ಟಾರ್ಟ್ ಆಯಿತು.

ಶೆಲ್ಬಿ ಎರಡು ಸುತ್ತು ಹೊಡೆದಳು. ಮೂರನೆಯದರಲ್ಲಿ ತಿರುವು ತಪ್ಪಿ ಹಿಮದ ದಿಬ್ಬಕ್ಕೆ ನುಗ್ಗಿ ಉರುಳಿಬಿದ್ದಳು.

"ಮಮ್ಮಾ!"

ಡೊರೀನ್ ಒಂದು ಹೆಜ್ಜೆ ಇಟ್ಟಿದ್ದಳು. ನಿಂತುಬಿಟ್ಟಳು. ಟೋನ್ಯಾ ಓಡಿದಳು.

ಏನೂ ಆಗಿರಲಿಲ್ಲ, ಹೆಲ್ಮೆಟ್ಟಿನೊಳಗೆ ಹಿಮ ಹೋಗಿತ್ತು ಅಷ್ಟೇ.

೬

ಹೊರಡುವಾಗ ಡೊರೀನ್ ಹೇಳಿದಳು: "ಸ್ಲೆಡ್ ತಗೊಂಡ್ಹೋಗಿ. ಅವಳದ್ದೇ."

"ನಾವಿರೋದು ಎರಡನೇ ಮಹಡೀಲಿ. ಎಲ್ಲಿಡ್ಲಿ?" ಟೋನ್ಯಾ ಕಾರಿನ ಕೀ ತಿರುಗಿಸುತ್ತಾ ನಿಂತಳು. "ಇಲ್ಲೇ ಇರ್ಲಿ. ಇರ್ಬಹುದಾ?"

"ಇರ್ಲಿ."

ಕಾರು ರಸ್ತೆಯ ತಿರುವಿನಲ್ಲಿ ಮರೆಯಾಯಿತು.

ಮತ್ತೆ ಬಂದರೇ? ನಿಮಗೆ ಬೇಕಾದ್ದು ಅದು, ಗೊತ್ತು. ಬಂದರು ಎಂದು ಬರೆಯಬಲ್ಲೆ. ಬರಲಿಲ್ಲ, ಎಲ್ಲ ಚೆನ್ನಾಗಿರುವುದಕ್ಕೇ ಬರಲಿಲ್ಲ ಎಂದೂ ಬರೆಯಬಲ್ಲೆ. ಎರಡನ್ನೂ ಡೊರೀನಳ ಮುಂದೆ ಓದುವ ಧೈರ್ಯ ನನಗಿಲ್ಲ.

ಆ ಶನಿವಾರ ಕಾರು ಹೋದ ಮೇಲೂ ಅಂಗಳದಲ್ಲಿ ನಿಂತ ಸ್ಲೆಡ್ಡಿನ ಇಂಜಿನ್ ಹಾಗೇ ಓಡುತ್ತಿತ್ತು, ಖಾಲಿ ಸೀಟು ಗಡಗಡ ನಡುಗುತ್ತಿತ್ತು. ಡೊರೀನ್ ಕೈಗವಸು ತೆಗೆದು, ಬಗ್ಗಿ, ಇಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟಳು.

ಅರ್ವಿಡ್ ಬಾಗಿಲು ತೆರೆದು ಕೂಗಿದ: "ಆಫ್ ಮಾಡೇ! ಸುಮ್ನೆ ಪೆಟ್ರೋಲ್ ದಂಡ."

"ಇನ್ನೊಂಚೂರು ಓಡ್ಲಿ ಬಿಡೋ."

ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಅವಳು ನಿಲ್ಲಿಸಿಲ್ಲ.