ಅತ್ತೆ ಒಪ್ಪಿಸಿದ ಅಕ್ಷರಪಟ್ಟಿ

ಸರಿರಾತ್ರಿಯಲ್ಲಿ ಗೋಡೆಯ ಮೇಲೆ ಉಗುರು ಸವರಿದ ಸದ್ದಾಯಿತು. ಸೊಸೆಯದು ಮೊದಲೇ ಕೋಳಿನಿದ್ದೆ. ದಡಬಡಿಸಿ ಎದ್ದು ನಡುಮನೆಯ ದೀಪ ಹಾಕಿದಳು. ಬಚ್ಚಲ ಬಾಗಿಲ ಬಳಿ ಗೋಡೆ ತಡವುತ್ತಿದ್ದ ಅತ್ತೆ, ಬೆಳಕು ಬಿದ್ದದ್ದೇ ತಡ, ಕಣ್ಣು ಮುಚ್ಚಿಕೊಂಡರು.

"ಆರಿಸೇ. ಬೆಳಕೆಲ್ಲ ಒಡೆದು ಕಣ್ಣಿಗೆ ಚುಚ್ಚುತ್ತೆ."

ಸೊಸೆಗೆ ಈ ಮಾತು ಹೊಸದಲ್ಲ. ಕಣ್ಣಿನಲ್ಲಿ ಪೊರೆ ಬೆಳೆದಾಗ ಬೆಳಕು ಹೇಗೆ ಚದುರುತ್ತದೆ, ನೋಟ ಎಷ್ಟು ಕೆಡುತ್ತದೆ ಎನ್ನುವುದೇ ನಾಲ್ಕು ವರ್ಷಗಳಿಂದ ಅವಳ ಸಂಶೋಧನೆ. ಆದರೆ ಹೋದ ವಾರವಷ್ಟೇ ಇದೇ ಅತ್ತೆ ಪ್ರಯೋಗಾಲಯಕ್ಕೆ ಬಂದು, ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ತಡವರಿಸದೆ ಓದಿ, ಹೋಲಿಕೆಗೆ ಬೇಕಾದ ಪೊರೆಯಿಲ್ಲದ ಹಿರಿಯರ ಗುಂಪಿಗೆ ಹನ್ನೆರಡನೆಯವರಾಗಿ ಸೇರಿದ್ದರು. ಕಣ್ಣೊಳಗೆ ಬೆಳಕು ಬಿಟ್ಟು ನೋಡುವ ಪರೀಕ್ಷೆ ಸೋಮವಾರಕ್ಕಿತ್ತು.

ದೀಪ ಆರಿಸಿ ಕತ್ತಲಲ್ಲೇ ಕೇಳಿದಳು. "ಅತ್ತೆ, ಅವತ್ತು ಪಟ್ಟಿ ಹೇಗೆ ಓದಿದಿರಿ?"

"ಓದಿದ್ದೆಲ್ಲಿ ಬಂತು, ಒಪ್ಪಿಸಿದೆ. ಅಡುಗೆಮನೆ ಬಾಗಿಲಿಗೆ ಅಂಟಿಸಿ ನಿನ್ನ ಗಂಡನ ಕೈಲಿ ದಿನಾ ಓದಿಸಿದೆಯಲ್ಲ, ಪರೀಕ್ಷೆ ಮಾಡೋ ಅಭ್ಯಾಸ ಅಂತ. ತರಕಾರಿ ಹೆಚ್ಚುತ್ತಾ ನನಗೂ ಬಾಯಿಗೆ ಬಂತು. ಅವನಿಗಿಂತ ಚೆನ್ನಾಗಿ."

"ಯಾಕೆ ಹೀಗೆ ಮಾಡಿದಿರಿ?"

"ಹನ್ನೊಂದೇ ಜನ ಸಿಕ್ಕರು, ಇನ್ನೊಬ್ಬರಿಲ್ಲದೆ ಕೆಲಸ ನಿಂತುಹೋಯ್ತು ಅಂತ ನೀನು ಊಟ ಬಿಟ್ಟು ಕೂತಿದ್ದೆ. ನನ್ನ ಕೈಲಿ ನೋಡೋಕಾಗಲಿಲ್ಲ." ಅತ್ತೆಯೇ ಸೇರಿಸಿದರು, "ನೋಡೋಕೆ ಹೇಗೂ ಆಗ್ತಿರಲಿಲ್ಲ ಅನ್ನು."

ಸೊಸೆ ನಕ್ಕಳು. ಆಮೇಲೆ ಒಂದೊಂದೇ ನೆನಪಾಯಿತು. ಅತ್ತೆ ಈಚೆಗೆ ಟೀವಿಗೆ ಬೆನ್ನು ಹಾಕಿ ಕೂತು ಬರೀ ಕೇಳುತ್ತಿದ್ದರು. ಸಂಜೆಯ ಮೇಲೆ ಹೊಸಿಲು ದಾಟುತ್ತಿರಲಿಲ್ಲ. ಊರವರ ಕಣ್ಣೆಲ್ಲ ಅಳೆದವಳಿಗೆ ಇದೊಂದು ಕಂಡಿರಲಿಲ್ಲ.

ಸೋಮವಾರ ಪ್ರೊಫೆಸರರ ಮುಂದೆ ನಿಂತು ಹೇಳಿದಳು: "ಹನ್ನೆರಡನೆಯವರನ್ನು ತೆಗೆಯಬೇಕು, ಸರ್. ಪಟ್ಟಿ ಅವರಿಗೆ ಮೊದಲೇ ಬಾಯಿಪಾಠವಾಗಿತ್ತು. ಅದನ್ನು ಮನೆಗೆ ಒಯ್ದ ತಪ್ಪು ನನ್ನದು."

ಅವರು ಕನ್ನಡಕದ ಮೇಲಿಂದ ನೋಡಿ ಹನ್ನೆರಡನೆಯ ಹೆಸರಿನ ಮೇಲೆ ಗೆರೆ ಎಳೆದರು. "ಬೇರೊಬ್ಬರು ಸಿಗಲು ಇನ್ನೆರಡು ತಿಂಗಳು ಹಿಡಿಯುತ್ತೆ. ಬೇರೆ ಅಕ್ಷರಪಟ್ಟಿ ತರಿಸಿ, ಬೀರುವಿನಲ್ಲೇ ಇಡಿ."

ಅತ್ತೆಗೆ ಶಸ್ತ್ರಚಿಕಿತ್ಸೆಯಾಯಿತು. ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ದಿನ ಅವರು ಕಿಟಕಿಯ ಬೆಳಕಿನಲ್ಲಿ ಸೊಸೆಯ ಗಲ್ಲ ಹಿಡಿದೆತ್ತಿ ನೋಡಿದರು. "ಇಷ್ಟು ಸೊರಗಿದ್ದೀಯಲ್ಲೇ. ಯಾರೂ ನನಗೆ ಹೇಳಲೇ ಇಲ್ಲ."

"ಅಮ್ಮನಿಗೆ ಪೊರೆ ಇರೋದು ನಿನಗೆ ಹೇಗೆ ಗೊತ್ತಾಯ್ತು?" ಎಂದ ಗಂಡ.

ಗಲ್ಲ ಹಿಡಿದ ಕೈ ಅಲ್ಲೇ ನಿಂತಿತು.

"ರಾತ್ರಿ ದೀಪ ಹಾಕಿದೆ, ಗೊತ್ತಾಯ್ತು," ಎಂದಳು. ಪ್ರೊಫೆಸರರಿಗೆ ತಿಳಿಯಬೇಕಾದದ್ದು ತಿಳಿದಿತ್ತು. ಕಣ್ಣು ಮಂಜಾದ ಮುದುಕಿಯೊಬ್ಬರು ತನಗೋಸ್ಕರ ಅಷ್ಟೂ ಸಾಲು ಓದಿದಂತೆ ಒಪ್ಪಿಸಿದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲವೆಂದು, ಆ ಕೈಯ ಮೇಲೆ ತನ್ನ ಕೈಯಿಟ್ಟು, ಅವಳು ಆಗಲೇ ನಿಶ್ಚಯಿಸಿದಳು.