ಎರಡನೆಯ ಕುರ್ಚಿ

"ದೋಣಿನೂ ಬರುತ್ತಾ?" ಎಂದು ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು.

"ಎಲ್ಲಾ ಬರುತ್ತೆ ಅತ್ತೆ. ದೋಣಿ, ಮನೆ, ಬಾವಿ, ಕೋಳಿ, ಒಂದೂ ಬಿಡಲ್ಲ."

"ಕೋಳಿಗಳು ಗಾಬರಿ ಬಿದ್ದಾವು, ನೋಡ್ಕೋ."

ಇದು ತಮಾಷೆಯೋ ನಿಜವಾದ ಕಾಳಜಿಯೋ ಸೊಸೆಗೆ ತಿಳಿಯಲಿಲ್ಲ. ಅತ್ತೆಯ ಮುಖ ನೋಡಿ ಅಂಥದ್ದನ್ನು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹೆತ್ತ ಮಗನೇ ಆ ಪ್ರಯತ್ನವನ್ನು ಎಂದೋ ಕೈಬಿಟ್ಟಿದ್ದ.

ಭಾನುವಾರದ ಮಧ್ಯಾಹ್ನ. ಕಿಟಕಿಯ ತೆಳು ಬಟ್ಟೆಯಿಂದ ಸೋಸಿ ಬಂದ ಬಿಸಿಲು ಮೇಜಿನ ಮೇಲೆ ಬೆಚ್ಚಗೆ ಮಲಗಿತ್ತು. ಕಂಪ್ಯೂಟರಿನ ಪರದೆಯಲ್ಲಿ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುತ್ತಿತ್ತು. ಪಕ್ಕದಲ್ಲಿ, ಗಿಡ್ಡ ವೈರಿನ ತುದಿಯಲ್ಲಿ, ಅಂಗೈಯಗಲದ ಕಪ್ಪು ಎಕ್ಸ್‌ಟರ್ನಲ್ ಡ್ರೈವ್ ನೀಲಿ ಕಣ್ಣು ಮಿಟುಕಿಸುತ್ತಾ ಕೂತಿತ್ತು. ಅತ್ತೆ ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ, ಮಡಿಸುತ್ತಿದ್ದ ಟವೆಲನ್ನು ಮತ್ತೊಮ್ಮೆ ಬಿಡಿಸಿ ಮಡಿಸುತ್ತಾ ಒಳಗೆ ಹೋದರು. ನಾಳೆ ಬೆಳಗ್ಗೆ ಅವರ ಪ್ರಯಾಣ.

ಅತ್ತೆ ಕೈಗವಸು ಕಾರ್ಖಾನೆಯಲ್ಲಿ ಹೊಲಿಗೆಯವರು. ಸೊಸೆ, ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. "ಒಬ್ಬರು ಜನರ ಕೈ ನೋಡ್ಕೋತಾರೆ, ಒಬ್ಬರು ಬಾಯಿ ನೋಡ್ಕೋತಾರೆ. ನನ್ನ ಹೊಟ್ಟೆ ಮಾತ್ರ ಅನಾಥ," ಎನ್ನುತ್ತಿದ್ದ ಫೋಟೋಗ್ರಾಫರ್ ಗಂಡ. ಮದುವೆಯಾದ ಹೊಸದರಲ್ಲೇ ಅಡುಗೆಮನೆಯಲ್ಲಿ ಮುಚ್ಚಳಗಳ ವಿಷಯಕ್ಕೆ ಅತ್ತೆ ಸೊಸೆಗೆ ಮನಸ್ತಾಪ ಬಂದಿತ್ತು. ಅತ್ತೆ ಕಣ್ಣಿಗೆ ಬಿದ್ದ ಪಾತ್ರೆಗೆಲ್ಲ ಮುಚ್ಚಳ ಹಾಕುವವರು. ಸೊಸೆ ತೆಗೆದಿಡುವವಳು. ಅಂದಿನಿಂದ ಇಬ್ಬರೂ ಒಂದೇ ಒಲೆಯ ಮುಂದೆ ನಿಂತುಕೊಂಡು ಹಜಾರದಲ್ಲಿದ್ದ ಗಂಡನ ಮೂಲಕ ಮಾತಾಡುತ್ತಿದ್ದರು.

"ನಿಮ್ಮಮ್ಮಂಗೆ ಹೇಳಿ, ಬಿಸಿ ಹಾಲು ಮುಚ್ಚಿಟ್ರೆ ಒಡೆಯುತ್ತೆ ಅಂತ."

"ನಿನ್ ಹೆಂಡ್ತಿಗೆ ಹೇಳು, ತೆರೆದಿಟ್ರೆ ಅದರಲ್ಲಿ ನೊಣ ಈಜು ಕಲಿಯುತ್ತೆ ಅಂತ."

ಗಂಡ ಯಾರಿಗೂ ಏನನ್ನೂ ಹೇಳದೆ ಕ್ಯಾಮೆರಾದ ಲೆನ್ಸ್ ಒರೆಸುತ್ತಾ ಕೂರುತ್ತಿದ್ದ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಯೇ ಇರುತ್ತಿತ್ತಲ್ಲ.

ಆ ದೋಣಿ, ಮನೆ, ಕೋಳಿಗಳೆಲ್ಲ ಇದ್ದದ್ದು ಕಂಪ್ಯೂಟರಿನ ಒಂದು ಆಟದಲ್ಲಿ; ಅದನ್ನು ಹಾಕಿದ್ದು ಸೊಸೆ. ಲ್ಯಾಬಿಗೆ ಅವಳು ಹೋಗುವುದು ಮಧ್ಯಾಹ್ನ, ಬೆಳಗಿನ ಹೊತ್ತು ಅವಳದೇ. ಅದರಲ್ಲಿ ಗೆಲ್ಲುವುದು ಸೋಲುವುದು ಇರಲಿಲ್ಲ. ಮಂಜು ಮುಸುಕಿದ ಒಂದು ದ್ವೀಪ, ಅದರಲ್ಲಿ ಹಳದಿ ಮಳೆಕೋಟು ತೊಟ್ಟ ಒಬ್ಬಳೇ ಹೆಂಗಸು. ಅವಳಿಂದ ಮಣ್ಣು ಅಗೆಸಬೇಕು, ಬೀಜ ಹಾಕಿಸಬೇಕು, ಕಟ್ಟಿಗೆ ಕಡಿಸಬೇಕು; ಬೇಸರವಾದರೆ ದೋಣಿ ಹತ್ತಿಸಿ ಸುಮ್ಮನೆ ಸುತ್ತಿಸಬೇಕು, ಅಷ್ಟೇ. ದಿನವೂ ಕಂಡರಿಯದವರ ಬಾಯಿಗೆ ಹಲ್ಲು ಜೋಡಿಸುವವಳಿಗೆ ಆ ನಿಶ್ಶಬ್ದ ಹಿತವಾಗಿತ್ತು.

ಒಂದು ಬೆಳಗ್ಗೆ ಆಟ ತೆರೆದಾಗ ಮೂಲಂಗಿಗೆ ಯಾರೋ ನೀರು ಹಾಕಿದ್ದರು. ದೋಣಿ ಇನ್ನೊಂದು ದಡದಲ್ಲಿತ್ತು. ಗಂಡನ ಕೆಲಸವಿರಬೇಕೆಂದು ಅವಳು ಬೈಯಲು ಹೊರಟವಳು, ಕೀಬೋರ್ಡಿನ ಪಕ್ಕದಲ್ಲಿ ಅತ್ತೆಯ ಓದುವ ಕನ್ನಡಕ ಕಂಡು ಬಾಯಿ ಮುಚ್ಚಿಕೊಂಡಳು. ಅತ್ತೆಯದು ಬೆಳಗಿನ ಪಾಳಿ. ಸೊಸೆ ಲ್ಯಾಬಿಗೆ ಹೋದ ಮೇಲೆ ಮನೆಗೆ ಬರುತ್ತಿದ್ದರು. ಕನ್ನಡಕವನ್ನು ಅವಳು ಇದ್ದಲ್ಲೇ ಬಿಟ್ಟಳು. ಆ ದಿನ ಒಂದು ಸಾಲು ಬಟಾಣಿ ಬಿತ್ತಿ ಎದ್ದಳು. ಮರುದಿನ ಅದಕ್ಕೆ ಚಪ್ಪರ ಹಾಕಲಾಗಿತ್ತು.

ಹಾಗೆ ಶುರುವಾದದ್ದು ನಡೆದೇ ನಡೆಯಿತು. ಹಳದಿ ಕೋಟಿನವಳು ಬೆಳಗ್ಗೆ ಸೊಸೆ, ಮಧ್ಯಾಹ್ನ ಅತ್ತೆ. ಯಾರೂ ಗೊತ್ತುಮಾಡದ ಒಂದು ಪದ್ಧತಿಯೂ ಬೆಳೆಯಿತು: ಆಟ ಮುಗಿಸಿ ಏಳುವವರು ಆ ಪುಟ್ಟ ಮನೆಯ ಬಾಗಿಲಲ್ಲಿ ದೀಪ ಹಚ್ಚಿಟ್ಟು ಏಳುವುದು, ಬಂದವರು ಅದನ್ನು ಆರಿಸಿ ಕೆಲಸ ಶುರುಮಾಡುವುದು. ಇಬ್ಬರೂ ಈ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅಡುಗೆಮನೆಯಲ್ಲಿ ಮುಚ್ಚಳಗಳ ಯುದ್ಧ ಎಂದಿನಂತೆ ನಡೆಯಿತು.

ದ್ವೀಪದಲ್ಲಿ ಜಗಳವಾದದ್ದು ಒಂದೇ ಸಲ. ಕಡಲಿಗೆ ಮುಖಮಾಡಿ ಒಂದು ಕುರ್ಚಿಯಿತ್ತು. ಸೊಸೆ ಅದರ ಪಕ್ಕದಲ್ಲಿ ಇನ್ನೊಂದು ಮಾಡಿಟ್ಟಳು. ಮರುದಿನ ಬಂದು ನೋಡಿದರೆ ಕುರ್ಚಿ ಮಾಯ. ಅದರ ಹಲಗೆಗಳೆಲ್ಲ ಕಟ್ಟಿಗೆಯಾಗಿ ಕೊಟ್ಟಿಗೆಯಲ್ಲಿ ಒಪ್ಪವಾಗಿ ಕೂತಿದ್ದವು. ಇರುವವಳು ಒಬ್ಬಳು, ಎರಡು ಕುರ್ಚಿ ಯಾಕೆ ದಂಡ ಎಂದು ಅತ್ತೆ ಮೂಗು ಮುರಿದದ್ದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅಂದು ಅಡುಗೆಮನೆಯ ಮುಚ್ಚಳಗಳನ್ನೆಲ್ಲ ತೆಗೆದಿಟ್ಟೇ ಲ್ಯಾಬಿಗೆ ಹೋದಳು. ಆದರೂ ಸಂಜೆ ದೀಪದ ನೆನಪಾಗಿ ನಗು ಬಂತು. ಕುರ್ಚಿ ಮುರಿದವರು ದೀಪ ಹಚ್ಚಲು ಮರೆತಿರಲಿಲ್ಲ.

ಈಗ ದೂರದ ಊರಿನಲ್ಲಿ ಕಾರ್ಖಾನೆಯವರು ಹೊಸ ಶಾಖೆ ತೆರೆದು, ಹೊಸಬರಿಗೆ ಹೊಲಿಗೆ ಕಲಿಸಲು ಅತ್ತೆಯನ್ನೇ ಕರೆದಿದ್ದರು. ಉಳಿಯಲು ಕೋಣೆ, ಬಳಸಲು ಲ್ಯಾಪ್‌ಟಾಪ್, ಮೇಡಂ ಎನ್ನುವ ಮರ್ಯಾದೆ. ಅತ್ತೆ ಎರಡು ಮಾತಿಲ್ಲದೆ ಒಪ್ಪಿಕೊಂಡಿದ್ದರು. ಆಮೇಲೆ ಒಂದು ದಿನ ಒಲೆಯ ಮುಂದೆ, ಹಜಾರದ ಕಡೆಗೂ ತಿರುಗದೆ, ನೇರವಾಗಿ ಸೊಸೆಗೇ ಹೇಳಿದರು: "ಆ ಆಟಾನ ಯಾವ್ದಾದ್ರೂ ಡಬ್ಬಿಗೆ ಹಾಕಿ ಕೊಡ್ತೀಯಾ?"

ಕೇಳಿದ್ದಕ್ಕಿಂತ ಕೇಳಿದ ರೀತಿಗೆ ಸೊಸೆಯ ಕೈಲಿದ್ದ ಸೌಟು ನಿಂತುಹೋಯಿತು.

ಪರದೆಯ ಹಸಿರು ಪಟ್ಟಿ ಇನ್ನೂ ತೆವಳುತ್ತಲೇ ಇತ್ತು. ಅದನ್ನು ನೋಡುತ್ತಾ ನೋಡುತ್ತಾ ಅವಳಿಗೆ ಮಂಪರು ಕವಿಯಿತು. ಆ ಗಿಡ್ಡ ವೈರಿನೊಳಗೆ ದ್ವೀಪ ಹೊರಟಿತ್ತು. ಮೊದಲು ಕೋಳಿಗಳು ಸಾಲಾಗಿ ಹೋದವು, ಕೊಕ್ಕೊಕ್ಕೆನ್ನುತ್ತಾ, ಒಂದರ ಹಿಂದೊಂದು. ಬಾವಿ ನೀರು ತುಳುಕಿಸದೆ ಹೋಯಿತು. ಬಟಾಣಿಯ ಚಪ್ಪರ ಓರೆಯಾಗಿ ನುಸುಳಿತು. ಮಂಜು ಮಾತ್ರ ಹೊರಡಲು ಒಪ್ಪದೆ ಮೇಜಿನ ಮೇಲೆಲ್ಲ ಹರಡಿಕೊಂಡು, ಅವಳ ಮೊಣಕೈಗಳನ್ನು ತಣ್ಣಗೆ ಸವರಿ, ಕೊನೆಗೆ ಎಳೆಎಳೆಯಾಗಿ ಒಳಗೆ ಸೇರಿತು. ಎಲ್ಲರ ಹಿಂದೆ ಹಳದಿ ಕೋಟಿನವಳು ಬಂದು ವೈರಿನ ಬಾಯಲ್ಲಿ ನಿಂತು ತಿರುಗಿ ನೋಡಿದಳು. ಬರ್ತೀಯಾ ಎಂದೋ ಬರಲಾ ಎಂದೋ ಕೇಳಿದಳು.

ಟಿಣ್ ಎಂದಿತು ಕಂಪ್ಯೂಟರ್. ಅವಳು ಬೆಚ್ಚಿ ಎದ್ದು ಡ್ರೈವನ್ನು ಅತ್ತೆಯ ಲ್ಯಾಪ್‌ಟಾಪಿಗೆ ಚುಚ್ಚಿದಳು. ಅತ್ತೆ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತರು. ಅವರಿಬ್ಬರೂ ಆ ಆಟದ ಮುಂದೆ ಒಟ್ಟಿಗೆ ಕೂತದ್ದು ಅದೇ ಮೊದಲು.

ಕಡಲು ಬಂತು, ಮಂಜು ಬಂತು. ಹಳದಿ ಕೋಟಿನವಳು ಬರಿಗೈಯಲ್ಲಿ ಬರಿಯ ದಡದ ಮೇಲೆ ನಿಂತಿದ್ದಳು. ಮನೆಯಿಲ್ಲ, ಬಾವಿಯಿಲ್ಲ, ಒಂದು ಕೋಳಿಯೂ ಇಲ್ಲ. ಮೊದಲ ದಿನ ಹೇಗಿತ್ತೋ ಹಾಗೆ.

ಸೊಸೆ ಆಟ ಮುಚ್ಚಿ ಮತ್ತೆ ತೆರೆದಳು; ಅದೇ ಬರಿಯ ದಡ.

"ಹೋಯ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಏನೋ ಎಡವಟ್ಟಾಗಿದೆ. ಇರಿ, ನೋಡ್ತೀನಿ..."

"ಹೋಗ್ಲಿ ಬಿಡು. ಆಟ ತಾನೇ." ಅತ್ತೆ ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಒತ್ತಿ ಮುಚ್ಚಿ ಎದ್ದುಹೋದರು. ಒಳಗಿನಿಂದ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಬಂತು, ಮತ್ತೆ ತೆರೆದ ಸದ್ದು ಬಂತು.

ಅವಳು ಹಳೆಯ ಕಂಪ್ಯೂಟರಿನ ಸಂದಿಗೊಂದಿಯೆಲ್ಲ ಜಾಲಾಡಿದಳು. ಕೊನೆಗೆ ಯಾವ ಸಂಬಂಧವೂ ಇಲ್ಲದ ಒಂದು ಫೋಲ್ಡರಿನ ಒಳಗಿನ ಫೋಲ್ಡರಿನಲ್ಲಿ ಅದು ಸಿಕ್ಕಿತು. ಆಟ ಇದ್ದದ್ದು ಒಂದು ಕಡೆ, ಅವರು ಆಡಿದ್ದೆಲ್ಲ ಉಳಿದದ್ದು ಇನ್ನೊಂದು ಕಡೆ. ಅವಳು ಆಟವನ್ನಷ್ಟೇ ಎತ್ತಿ ಕಳಿಸಿದ್ದಳು. ಮೂಲಂಗಿ, ಬಟಾಣಿ, ದೀಪ ಎಲ್ಲವೂ ಒಂದು ಚಿಕ್ಕ ಫೈಲಿನಲ್ಲಿ ಮುದುಡಿಕೊಂಡು ಇಲ್ಲೇ ಕೂತಿದ್ದವು.

ಆಗ ಅವಳ ತಲೆಗೆ ಆ ಯೋಚನೆ ಬಂತು. ಸುಮ್ಮನಿದ್ದುಬಿಟ್ಟರೆ? ಅತ್ತೆ ಆಗಲೇ ಹೋಗಲಿ ಬಿಡು ಎಂದಾಗಿದೆ. ನಾಳೆಯಿಂದ ಅಡುಗೆಮನೆಯೂ ಅವಳದು, ದ್ವೀಪವೂ ಅವಳದು. ಕಳೆದುಕೊಳ್ಳುವುದು ಅವಳಿಗೆ ಬೇಡವಾಗಿತ್ತು. ಎಷ್ಟು ಬೇಡವಾಗಿತ್ತೆಂದರೆ, ಫೋಲ್ಡರನ್ನು ಮುಚ್ಚಿಯೂಬಿಟ್ಟಳು. ಒಳಗಿನಿಂದ ಮತ್ತೆ ಜಿಪ್ಪಿನ ಸದ್ದು ಬಂತು; ಅವಳು ಎದ್ದು ಒಳಗೆ ಹೋದಳು.

"ಅತ್ತೆ, ಸಿಕ್ತು. ಇಲ್ಲೇ ಉಳ್ಕೊಂಡಿತ್ತು."

ಅತ್ತೆ ಸೂಟ್‌ಕೇಸಿನ ಮೇಲೆ ಕೂತಿದ್ದರು. ಮುಖ ಎಂದಿನ ಹಾಗೇ ಇತ್ತು, ಕಣ್ಣು ಮಾತ್ರ ಕೆಂಪಗಾಗಿತ್ತು.

"ಕಾಪಿ ಮಾಡ್ತೀನಿ," ಎಂದಳು ಸೊಸೆ, ಅದೇ ಗಳಿಗೆಯಲ್ಲಿ ಹೊಳೆದು. "ಕಳಿಸೋದು ಬೇಡ, ಕಾಪಿ. ನಿಮಗೊಂದು, ನನಗೊಂದು."

ಅತ್ತೆ ಯೋಚಿಸಿದರು. "ಆಮೇಲೆ ನೀನು ಬಿತ್ತಿದ್ದು ನನ್ನ ಕಡೆ ಬರುತ್ತಾ?"

"ಇಲ್ಲ. ಅದು ಬೇರೆ, ಇದು ಬೇರೆ."

"ನಾನು ನೀರು ಹಾಕಿದ್ದು?"

"ಬರಲ್ಲ."

"ಮತ್ತೆ ದೀಪ ಯಾರಿಗೆ ಹಚ್ಚಿಡೋದು?"

ದೀಪದ ಮಾತನ್ನು ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಆಡಿದ್ದು ಅದೇ ಮೊದಲ ಸಲ. ಅವಳು ಹಿಂತಿರುಗಿ ಬಂದು, ಆಡಿದ್ದೆಲ್ಲ ಇನ್ನು ಮುಂದೆ ಡ್ರೈವಿನಲ್ಲೇ ಉಳಿಯುವ ಹಾಗೆ ಆಟದ ಸೆಟ್ಟಿಂಗ್ ಬದಲಿಸಿದಳು. ಆ ಚಿಕ್ಕ ಫೈಲನ್ನು ಕಾಪಿ ಮಾಡದೆ ಅಲ್ಲಿಂದ ಕಿತ್ತು ಡ್ರೈವಿಗೆ ಸೇರಿಸಿದಳು. ಈ ಸಲ ಹಸಿರು ಪಟ್ಟಿ ಕಾಣಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಅಷ್ಟೂ ಬೆಳಗುಗಳು ರೆಪ್ಪೆ ಬಡಿಯುವುದರೊಳಗೆ ಆ ಕಡೆ ಹೋಗಿದ್ದವು. ಫೋಲ್ಡರ್ ಖಾಲಿ ಇದೆ ಎಂದಿತು ಕಂಪ್ಯೂಟರ್.

ಅತ್ತೆ ಹೋದ ಮೇಲೆ ಮನೆ ದೊಡ್ಡದಾಯಿತು. ಬೆಳಗಿನ ಹೊತ್ತು ಅವಳು ಕಂಪ್ಯೂಟರಿನ ಮುಂದೆ ಕೂತು, ಏನೂ ತೆರೆಯದೆ ಎದ್ದು ಬರುತ್ತಿದ್ದಳು. ಫೋನಿನಲ್ಲಿ ಅತ್ತೆ ಹೊಸ ಹುಡುಗಿಯರು ಹೆಬ್ಬೆರಳು ಹೊಲಿಯಲು ಪಡುವ ಪಾಡು ಹೇಳುತ್ತಿದ್ದರು, ಅವಳು ಲ್ಯಾಬಿನ ಸುದ್ದಿ ಹೇಳುತ್ತಿದ್ದಳು; ದ್ವೀಪದ ಮಾತು ಇಬ್ಬರೂ ಎತ್ತಲಿಲ್ಲ. ಒಂದು ದಿನ ಗಂಡ ಅಡುಗೆಮನೆಗೆ ಬಂದವನು ಸುತ್ತಲೂ ನೋಡಿ, "ಏನೇ ಇದು, ಎಲ್ಲದಕ್ಕೂ ಮುಚ್ಚಳ ಬಿದ್ದಿದೆ?" ಎಂದ.

"ನೊಣ ಬೀಳುತ್ತೆ," ಎಂದಳು ಅವಳು.

ಆಮೇಲೆ ಒಂದು ಬೆಳಗ್ಗೆ ಪಾರ್ಸೆಲ್ ಬಂತು. ಪೊಟ್ಟಣದೊಳಗೆ ಒಂದೇ ಒಂದು ಉಣ್ಣೆಯ ಕೈಗವಸು, ಎಡಗೈಯದು. ಅದರ ಹೊಟ್ಟೆಯಲ್ಲಿ ಗಟ್ಟಿಯಾದದ್ದೇನೋ ಇತ್ತು. ಜಾರಿಸಿ ತೆಗೆದರೆ ಕಪ್ಪು ಡ್ರೈವ್. ಅವಳು ನಿಂತಂತೆಯೇ ಅದನ್ನು ಕಂಪ್ಯೂಟರಿಗೆ ಚುಚ್ಚಿದಳು. ನೀಲಿ ಕಣ್ಣು ಮಿಟುಕಿತು.

ಕಡಲು ಬಂತು, ಮಂಜು ಬಂತು. ಬಟಾಣಿಯೆಲ್ಲ ಕೊಯ್ದಾಗಿತ್ತು. ಅರ್ಧ ಮಡಿ ಅಗೆದು, ಇನ್ನರ್ಧವನ್ನು ಹಾಗೇ ಬಿಡಲಾಗಿತ್ತು. ಬಾಗಿಲಲ್ಲಿ ದೀಪ ಉರಿಯುತ್ತಿತ್ತು. ಕಟ್ಟಿಗೆ ನೋಡೋಣವೆಂದು ಅವಳು ಕೊಟ್ಟಿಗೆಯ ಕಡೆ ಹೋದರೆ ಅಲ್ಲಿ ಒಂದು ಚಕ್ಕೆಯೂ ಉಳಿದಿರಲಿಲ್ಲ.

ಮನೆಯ ಹಿಂದೆ ಸುತ್ತಿ ಬಂದಾಗ ಗೊತ್ತಾಯಿತು. ಕಡಲಿಗೆ ಮುಖಮಾಡಿ ಎರಡು ಕುರ್ಚಿಗಳಿದ್ದವು.

ಅವಳು ಹಳದಿ ಕೋಟಿನವಳನ್ನು ನಡೆಸಿಕೊಂಡು ಹೋಗಿ ಒಂದರಲ್ಲಿ ಕೂರಿಸಿದಳು. ದೀಪ ಆರಿಸುವುದು ಮರೆತೇಹೋಗಿತ್ತು. ಎಡಗೈಗೆ ಆ ಗವಸು ತೊಟ್ಟುಕೊಂಡು, ಲ್ಯಾಬಿಗೆ ಹೊತ್ತಾಗುವವರೆಗೂ ಏನನ್ನೂ ಒತ್ತದೆ, ಮಂಜು ಬಂದು ಪಕ್ಕದ ಕುರ್ಚಿಯನ್ನು ಸವರಿ ಹೋಗುವುದನ್ನೇ ನೋಡುತ್ತಾ ಕೂತಳು.