ನಾಲ್ಕನೆಯ ಸೀಟು

ಪ್ರಣೀತಾಳ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಟದ್ದನ್ನು ಸ್ಯಾನ್ ಹೋಸೆಯ ನಮ್ಮ ಎವರ್‌ಗ್ರೀನ್ ಬಡಾವಣೆಯ ಕನ್ನಡಿಗರು ಯಾರೂ ಕೇಳಿರಲಿಲ್ಲ. ಯಾರದೋ ಅತ್ತೆಯನ್ನು ಹಲ್ಲಿನ ಡಾಕ್ಟರ ಬಳಿಗೆ ಕರೆದೊಯ್ಯಬೇಕೆ, ಯಾರದೋ ಮಗುವನ್ನು ಡೇಕೇರಿನಿಂದ ಮನೆಗೆ ತಲುಪಿಸಬೇಕೆ, ಊರಿನಿಂದ ಬರುವವರನ್ನು ಎದುರುಗೊಳ್ಳಲು ಏರ್‌ಪೋರ್ಟಿಗೆ ಓಡಬೇಕೆ, ಫೋನು ಹೋಗುತ್ತಿದ್ದುದು ಅವಳಿಗೇ. “ಆಯ್ತು, ಅದಕ್ಕೇನಂತೆ” ಎಂಬುದು ಅವಳ ಸಿದ್ಧ ಉತ್ತರ. ಎರಡನೆಯ ಸಲ ಬಡಿಸಿದ ಪಾಯಸಕ್ಕೂ ಅದೇ, ಮೂರನೆಯದಕ್ಕೂ ಅದೇ.

ಅವಳು ನನ್ನ ನೆರೆಯ ಗೆಳೆಯ ರಘೋತ್ತಮನ ಒಬ್ಬಳೇ ಮಗಳು. ಹನ್ನೆರಡರ ವಯಸ್ಸಿನಲ್ಲಿ ಉಡುಪಿಯಿಂದ ಬಂದವಳು. ರಘೋತ್ತಮ ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿದ್ದ. ಡಾಟ್‌ಕಾಮಿನ ಹುಚ್ಚುಹೊಳೆ ದಡ ಮೀರಿ ಹರಿಯುತ್ತಿದ್ದ ಆ ಕಾಲದಲ್ಲಿ, ಅವಳ ಓರಗೆಯವರು ಕಾಲೇಜನ್ನು ಅರ್ಧಕ್ಕೆ ಬಿಟ್ಟು ಕಂಪನಿ ಸೇರುತ್ತಿದ್ದಾಗ, ಈ ಹುಡುಗಿ ದೊಡ್ಡ ವಿಮಾನಗಳ ಪೈಲಟ್ ಆಗುತ್ತೇನೆಂದು ಸ್ಯಾನ್ ಹೋಸೆಯ ವಿಶ್ವವಿದ್ಯಾಲಯದಲ್ಲಿ ವಿಮಾನಯಾನದ ಪದವಿಗೆ ಸೇರಿದಳು. “ಕಂಪ್ಯೂಟರ್ ಓದಮ್ಮ” ಎಂದು ತಂದೆ ಅಂಗಲಾಚಿದಾಗಲೂ ಆಯ್ತು ಎಂದಿದ್ದಳು. ಎಂದವಳು ಕಂಪ್ಯೂಟರನ್ನೂ ಒಂದು ವಿಷಯವಾಗಿ ತೆಗೆದುಕೊಂಡು, ವಿಮಾನಯಾನವನ್ನು ಬಿಡದೆ ಉಳಿಸಿಕೊಂಡಳು. ಬೆಳಿಗ್ಗೆ ತರಗತಿಯಲ್ಲಿ ಗಾಳಿ, ಮೋಡ, ಎಂಜಿನ್ನು, ಕಾನೂನು. ಮಧ್ಯಾಹ್ನ ನಮ್ಮ ಬೆಟ್ಟದ ಬುಡದ ಚಿಕ್ಕ ನಿಲ್ದಾಣದಲ್ಲಿ ಹಾರಾಟ.

ಅವಳ ನಡಿಗೆಯನ್ನು ನೋಡಬೇಕು. ಬಿರುಸಾಗಿ ಹೋಗುತ್ತಿದ್ದವಳು ಗ್ರೋಸರಿ ಅಂಗಡಿಯ ಮುಂದೆ, ನಡುರಸ್ತೆಯಲ್ಲಿ, ಎಲ್ಲೆಂದರಲ್ಲಿ ಗಕ್ಕನೆ ನಿಂತು, ಮರದ ತುದಿಯನ್ನು ದಿಟ್ಟಿಸಿ ಗಾಳಿ ಯಾವ ಕಡೆಯದೆಂದು ನೋಡಿಕೊಂಡು, ಮತ್ತೆ ಏನೂ ಆಗಿಲ್ಲವೆಂಬಂತೆ ಹೊರಡುವಳು. ಹಿಂದೆ ಬರುತ್ತಿದ್ದವರು ಅವಳಿಗೆ ಢಿಕ್ಕಿ ಹೊಡೆಯುವುದು ನಿತ್ಯದ ಮಾತಾಗಿತ್ತು. ಮೈಮೇಲೆ ಸದಾ ತಂದೆಯ ಹಳೆಯ ಕಂದು ಕೋಟು, ತೋಳು ಎರಡು ಸುತ್ತು ಮಡಚಿದ್ದು, ಜೇಬಿನ ತುಂಬ ಆಕಾಶಮಾರ್ಗದ ನಕ್ಷೆಗಳು.

ಮೂರನೆಯ ವರ್ಷದಲ್ಲಿ ಅವಳು ಎಡವಿದಳು. ಪರೀಕ್ಷೆಯ ಹಾರಾಟದಲ್ಲಿ ಮೇಷ್ಟರು, ನರೆತ ಕೂದಲಿನ ಹಳೆಯ ಪೈಲಟ್, ಅವಸರದ ಪ್ರಯಾಣಿಕನಂತೆ ನಟಿಸುತ್ತ, ಮಂಜು ಮುಚ್ಚುತ್ತಿದ್ದ ಕರಾವಳಿಯ ಕಡೆಗೆ ತಿರುಗಿಸೆಂದರಂತೆ. ಇವಳು ತಿರುಗಿಸಿಯೇಬಿಟ್ಟಳು.

“ಫ್ಲೈಯಿಂಗು ಚೆನ್ನಾಗಿದೆ ಅಂದ್ರು ಅಂಕಲ್,” ಎಂದು ನನ್ನ ಮುಂದೆ ಹೇಳುವಾಗ ಅವಳ ಕಣ್ಣು ತುಂಬಿತ್ತು. “ಬಟ್ ಯಾರು ಏನ್ ಕೇಳಿದ್ರೂ ಓಕೆ ಅನ್ನೋರ ಕೈಗೆ ಜನರನ್ನ ಕೊಡೋಕಾಗಲ್ಲ ಅಂದ್ರು. ಡಿಸೆಂಬರಲ್ಲಿ ಇನ್ನೊಂದೇ ಚಾನ್ಸು.”

ಅದೂ ತಪ್ಪಿದರೆ ಹಾರಾಟದ ವಿಭಾಗದಿಂದ ಹೊರಗೆ. ಎಲ್ಲೋ ಒಂದು ವಿಮಾನ ಕಂಪನಿಯ ಆಫೀಸಿನ ಕುರ್ಚಿಯೇ ಗತಿ. ದಾಕ್ಷಿಣ್ಯದ ಕುರಿತು ನಮ್ಮಲ್ಲೊಂದು ಒರಟು ಗಾದೆಯಿದೆ. ಹೆಣ್ಣುಮಗಳ ಮುಂದೆ ಆಡುವಂಥದಲ್ಲವೆಂದು ನಾನು ಅದನ್ನು ನುಂಗಿಕೊಂಡೆ.

ಆ ದೀಪಾವಳಿಗೆ ಊರಿನಿಂದ ಅವಳ ದೊಡ್ಡಪ್ಪ ಆನಂದತೀರ್ಥರೂ ದೊಡ್ಡಮ್ಮ ಜಲಜಾ ಅವರೂ ಬಂದಿದ್ದರು. ಸ್ವಂತ ಸವಾರಿಗೆ ಬೇಕಾದ ಲೈಸೆನ್ಸು ಪ್ರಣೀತಾಳಿಗೆ ಮೊದಲೇ ಸಿಕ್ಕಿದ್ದರಿಂದ, ಅವರನ್ನೂ ತಂದೆಯನ್ನೂ ನಾಲ್ಕು ಸೀಟಿನ ಚಿಕ್ಕ ವಿಮಾನದಲ್ಲಿ ಕೊಲ್ಲಿಯ ಮೇಲೆ ಸುತ್ತಾಡಿಸುವುದೆಂದು ಗೊತ್ತಾಯಿತು. ಹತ್ತುವವರ ತೂಕವನ್ನು ಮೊದಲೇ ಕೂಡಿ ನೋಡುವುದು ಪೈಲಟ್ಟುಗಳ ನಿತ್ಯವಿಧಿ. ಆದರೆ ನಮ್ಮಲ್ಲಿ ಹಿರಿಯರ ವಯಸ್ಸು ಕೇಳಬಹುದು, ತೂಕ ಕೇಳುವುದುಂಟೆ? ನಾಚುತ್ತಲೇ ಕೇಳಿದಳು. ದೊಡ್ಡಪ್ಪ ಯಾವುದೋ ಕಾಲದ ತೂಕ ಹೇಳಿದರು. ದೊಡ್ಡಮ್ಮ ಪ್ರಾಯಶಃ ಮದುವೆಯ ವರ್ಷದ್ದು. ಇವಳು ಮರುಮಾತಾಡದೆ, ಭಾನುವಾರ ಬಚ್ಚಲುಮನೆಯ ತೂಕದ ಯಂತ್ರವನ್ನೇ ಕಾರಿನಲ್ಲಿ ತಂದು ವಿಮಾನದ ಪಕ್ಕ ಇಟ್ಟಳು. ಬೀಳ್ಕೊಡಲು ಹೋಗಿದ್ದ ನನ್ನ ಮುಂದೆಯೇ ನಾಲ್ವರ ತೂಕ ಮಿತಿ ಮೀರಿತು.

“ಸೀಟು ನಾಲ್ಕು, ಜನ ನಾಲ್ಕು. ಇನ್ನೆಂತ ಲೆಕ್ಕ ನಿನ್ನದು?” ಎಂದರು ಆನಂದತೀರ್ಥರು. “ಸ್ವಲ್ಪ ಅಡ್ಜಸ್ಟ್ ಮಾಡುವ ಮಗಾ.”

ಅಡ್ಜಸ್ಟ್ ಎಂಬುದು ನಮಗೆ ಕುಲಧರ್ಮ. ಆಟೋದಲ್ಲಿ ಆರು ಜನ ಕೂತು, ಏಳನೆಯವನಿಗೂ ಸರಿದು ಜಾಗ ಕೊಟ್ಟವರು ನಾವು. ರಘೋತ್ತಮ ತಾನು ಉಳಿಯುತ್ತೇನೆಂದ. ತಮ್ಮನನ್ನು ಬಿಟ್ಟು ಹೋಗಲು ಅಣ್ಣ ಸುತರಾಂ ಒಪ್ಪಲಿಲ್ಲ. ಎಲ್ಲರ ಕಣ್ಣೂ ಪ್ರಣೀತಾಳ ಮೇಲೆ. ಅವಳ ಉತ್ತರ ನಮಗೆಲ್ಲ ಬಾಯಿಪಾಠವಾಗಿತ್ತು.

“ಇಲ್ಲ ದೊಡ್ಡಪ್ಪ. ಆಗಲ್ಲ.”

“ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಲ್ಪೆಯ ಸಮುದ್ರ ತೋರಿಸಿದವ ನಾನು.”

“ಅದಕ್ಕೇ ಆಗಲ್ಲ ಅಂದಿದ್ದು.” ದನಿ ನಡುಗಿತು, ಮಾತು ನಡುಗಲಿಲ್ಲ.

“ಹಾಗಾದ್ರೆ ನಾನೇ ಬರುವುದಿಲ್ಲ” ಎಂದು ಅವರು ಬೇಲಿಯ ಕಡೆ ಸರಸರ ನಡೆದರು. ಹಿಂದೆ ಓಡಿ ಕಾಲು ಹಿಡಿಯುತ್ತಾಳೆಂದು ನಾನು ತಿಳಿದಿದ್ದೆ. ಅವಳು ತುಟಿ ಕಚ್ಚಿಕೊಂಡು ರೆಕ್ಕೆಯ ತಪಾಸಣೆಗೆ ತೊಡಗಿದಳು. ಜಲಜಾ ಅವರು ಸೆರಗು ಸಿಕ್ಕಿಸಿ, “ನೀವು ಇಲ್ಲೇ ಇರಿ, ನಾನು ನೋಡಿ ಬರ್ತೇನೆ” ಎಂದವರೇ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು, ರಘೋತ್ತಮ ಹಿಂದಿನ ಸೀಟಿಗೆ ಹತ್ತಿದ. ಅಷ್ಟು ವರ್ಷದ ಸಂಸಾರದಲ್ಲಿ ಅದು ಜಲಜಾ ಅವರ ಮೊದಲ ಒಂಟಿ ನಿರ್ಧಾರವಿದ್ದೀತು.

ವಿಮಾನ ಬೆಟ್ಟದಾಚೆ ಮರೆಯಾಗುವವರೆಗೂ ಆನಂದತೀರ್ಥರು ಸಿಟ್ಟಿನಲ್ಲಿದ್ದರು. ಮರೆಯಾದ ಮೇಲೆ ಸಿಟ್ಟು ಹೋಗಿ ಭಯ ಹಿಡಿಯಿತು. ಬೇಲಿಯ ತಂತಿಯನ್ನು ಹಿಡಿದು ಆಕಾಶವನ್ನೇ ನೋಡುತ್ತ ನಿಂತರು. ಚಕ್ರಗಳು ನೆಲಕ್ಕೆ ತಾಗಿದಾಗ ನಿಟ್ಟುಸಿರಿಟ್ಟು, “ಪರೀಕ್ಷೆ ಅಂತ ಸುಮ್ನೆ ಹೆದರ್ತಾಳೆ ಮಾರಾಯ್ರೆ,” ಎಂದರು. “ನನಗೇ ಇಲ್ಲ ಅಂದವಳು ಆ ಮಾಸ್ತರರನ್ನು ಬಿಡ್ತಾಳಾ?” ಆಮೇಲೆ ಎರಡನೆಯ ಸುತ್ತಿಗೆಂದು ರಘೋತ್ತಮ ಇಳಿದ ಜಾಗಕ್ಕೆ ಹತ್ತುವ ಮುನ್ನ, ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ಮತ್ತೊಮ್ಮೆ ತಾವಾಗಿ ತೂಕದ ಯಂತ್ರದ ಮೇಲೆ ನಿಂತರು.

ಡಿಸೆಂಬರಿನ ಪರೀಕ್ಷೆಯಲ್ಲಿ ಮೇಷ್ಟರು ಬೇರೊಂದು ಆಮಿಷ ಒಡ್ಡಿದರಂತೆ. ಅವರ ವಾಕ್ಯ ಮುಗಿಯುವ ಮೊದಲೇ ಆಗುವುದಿಲ್ಲ ಎಂದಳಂತೆ. ತೇರ್ಗಡೆಯಾದಳು. ದೊಡ್ಡ ವಿಮಾನದ ದಾರಿ ಇನ್ನೂ ದೂರವಿತ್ತು, ಆದರೆ ಅದು ಅವಳಿಗೆ ತೆರೆದೇ ಉಳಿಯಿತು, ಮತ್ತು ನನಗೆ ನನ್ನ ಮಗಳೇ ಗೆದ್ದಷ್ಟು ಸಂತೋಷವಾಯಿತು.

ದಾಕ್ಷಿಣ್ಯದವರನ್ನು ನಾವು ಮೆತ್ತನೆಯವರೆಂದು ತಿಳಿದು ಜೀವಮಾನವಿಡೀ ದುಡಿಸಿಕೊಳ್ಳುತ್ತೇವೆ. ಅವರು ಸುಮ್ಮನಿರುವುದು ಧೈರ್ಯವಿಲ್ಲದೆ ಅಲ್ಲ, ನಮ್ಮ ಮುಖ ಬಾಡುವುದನ್ನು ನೋಡಲಾರದೆ. ಅಂಥವರು ಒಮ್ಮೆ, ನಮ್ಮ ಮನಸ್ಸೋ ನಮ್ಮ ಜೀವವೋ ಎಂದು ಆರಿಸಬೇಕಾಗಿ ಬಂದಾಗ, ಜೀವವನ್ನು ಆರಿಸಿ ನಮ್ಮ ಮುನಿಸನ್ನು ತಾವೇ ಹೊರುತ್ತಾರೆ. ಮಾತುಮಾತಿಗೆ ಇಲ್ಲವೆನ್ನುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಪ್ರೀತಿಗಾಗಿ ಅದನ್ನು ಕಷ್ಟಪಟ್ಟು ಕಲಿತವರ ಕೈಯಲ್ಲಿ ಮಾತ್ರ, ಮೋಡಗಳ ಮೇಲೆ, ನಾವು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.